ಕುದುರೆಮೆಂತೆಯ ಹೊರೆ

ಹೆಣ್ಣುಕತ್ತೆಯೊಂದು ದಿನವೂ ಹೊಲದಿಂದ ಕುದುರೆಮೆಂತೆ ಸೊಪ್ಪನ್ನು ಹೊತ್ತು ತಂದು ಲಾಯದ ಕುದುರೆಯ ಮುಂದೆ ಇಳಿಸುತ್ತಿತ್ತು. ಅದು ಮರಿ ಹಾಕಿತು. ಆದರೆ ಕೆಚ್ಚಲಿಗೆ ಹಾಲಿಳಿಯಲಿಲ್ಲ.

“ಈ ಸೊಪ್ಪು ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ, ಮೂಳೆಗೆ ಬಲ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಒಂದು ತುತ್ತು ಕೊಡು, ಮರಿ ಹಸಿದಿದೆ,” ಎಂದು ಕತ್ತೆ ಬೇಡಿತು.

“ಹೆಸರಲ್ಲೇ ಕುದುರೆಯಿದೆ. ಕತ್ತೆಗೇಕೆ ಇದು?” ಎಂದು ಕುದುರೆ ಸೊಪ್ಪನ್ನೆಲ್ಲ ಗೊರಸಿನಿಂದ ತನ್ನತ್ತ ಎಳೆದುಕೊಂಡಿತು.

ಕತ್ತೆ ಸಿಟ್ಟಿನಿಂದ ಬಾಗಿಲತ್ತ ತಿರುಗಿತು. “ಹೆಸರು ನಿನ್ನದಾದರೆ ಹೊರೆಯೂ ನಿನ್ನದೇ. ಬೆನ್ನು ನಿನಗೂ ಇದೆ, ಹೋಗಿ ತಂದುಕೋ!” ಎಂದು ಒದರಿ, ಮರಿಯೊಡನೆ ಹೊಲಕ್ಕೆ ನಡೆದು, ಅಲ್ಲೇ ನಿಂತು ಹೊಟ್ಟೆ ತುಂಬ ಮೇಯಿತು.

ದಿನ ಕಳೆದಂತೆ ಮರಿ ಹಾಲು ಕುಡಿದು ನೆಗೆದಾಡತೊಡಗಿತು. ಲಾಯದಲ್ಲಿ ಕುದುರೆ ಖಾಲಿ ಗೋದಲಿಯನ್ನು ಒದೆಯುತ್ತ ಕತ್ತೆಯ ದಾರಿ ಕಾಯುತ್ತಿತ್ತು.