ಪಂಕ್ತಿಯ ಮೇಲೆ ತೂಗಿದ ತೊಟ್ಟಿಲು

"ಮಹಾಪ್ರಭು, ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಜನ ಗಾಡಿಪೇಟೆಯಿಂದ ಕುಸ್ತಿ ಅಖಾಡಕ್ಕೆ ಬಂದುಬಿಡ್ತಾರೆ. ಅದೂ ಆಕಾಶದಲ್ಲಿ!"

ತುಂಬಿದ ದರ್ಬಾರಿನಲ್ಲಿ ಹೀಗೆ ಕೊಚ್ಚಿಕೊಂಡವನು ಸರದಾರ ಕೆಂಚರಾಯ. ಕಂಬದದುರ್ಗದ ದೊರೆ ಸೋಮನಾಯಕ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಹೊಸದು ಅಂದರೆ ಸಾಕು, ಆತನಿಗೆ ಹಿತ್ತಾಳೆಯೂ ಚಿನ್ನವಾಗಿ ಕಾಣುತ್ತಿತ್ತು.

ಗಾಡಿಪೇಟೆ ಎಂದರೆ ನಾಲ್ಕು ದಿಕ್ಕಿನ ಎತ್ತಿನ ಗಾಡಿಗಳೂ ಬಂದು ಸೇರುವ ಬಯಲು. ಅಲ್ಲೊಂದು ಕಂಬ, ಅಖಾಡದ ಹತ್ತಿರ ಇನ್ನೊಂದು ಕಂಬ, ನಡುವೆ ದಪ್ಪ ಹಗ್ಗ, ಹಗ್ಗಕ್ಕೊಂದು ತೊಟ್ಟಿಲು. ಅದರಲ್ಲಿ ಎಂಟು ಜನ ಕೂರಬೇಕು, ಆಳುಗಳು ರಾಟೆ ತಿರುಗಿಸಿ ಎಳೆಯಬೇಕು. ಖರ್ಚೆಲ್ಲ ಕೆಂಚರಾಯನದೇ ಅಂತೆ. ಊರಿಗೆ ಕಾಣಿಕೆಯಂತೆ!

ಮೂಲೆಯಲ್ಲಿ ಕೂತಿದ್ದ ವಿದೂಷಕ ಓಬಳಯ್ಯ ಮೂಗು ಮುರಿದ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಊರಿಗೆ ಕಾಣಿಕೆ ಕೊಡುತ್ತಾನೆಯೇ? ಅಖಾಡದ ಸುತ್ತಲಿನ ಬಯಲು ಕೆಂಚರಾಯನದು. ಕುಸ್ತಿಯ ದಿನ ಜನ ತಮ್ಮ ಗಾಡಿಗಳನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಗಾಡಿಗಳೆಲ್ಲ ಪೇಟೆಯಲ್ಲೇ ನಿಂತುಬಿಟ್ಟರೆ ಆ ಬಯಲಿನ ತುಂಬ ಅಂಗಡಿ ಎಬ್ಬಿಸಬಹುದು. ಅಷ್ಟಕ್ಕೂ ದೂರವೆಷ್ಟು? ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ನಾಲಿಗೆ ಕೆಂಪಾಗುವುದರೊಳಗೆ ಅಖಾಡ ಬರುತ್ತಿತ್ತು.

"ಒಂದೇ ಒಂದು ಅಡ್ಡಿ, ಪ್ರಭು" ಎಂದ ಕೆಂಚರಾಯ. "ಹಗ್ಗ ಕುಂಬಾರಗೇರಿಯ ಮೇಲೆ ಹಾದುಹೋಗುತ್ತೆ. ಮಡಕೆ ಸುಡೋ ಆವಿಗೆಗಳ ಹೊಗೆ ತೊಟ್ಟಿಲಲ್ಲಿ ಕೂತವರ ಕಣ್ಣಿಗೆ ಬಡಿಯುತ್ತೆ. ಆವಿಗೆ ಕೀಳಿಸಬೇಕು."

"ಕೀಳಿಸು. ಎಂಟು ದಿನ ಗಡುವು" ಎಂದ ದೊರೆ, ಆಕಳಿಸುತ್ತ.

ಓಬಳಯ್ಯ ಮನೆಗೆ ಬಂದಾಗ ಜಗಲಿಯ ಮೇಲೆ ಕುಂಬಾರ ಸಣ್ಣಕ್ಕ ಕೂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಕೇರಿ ಮುಟ್ಟಿತ್ತು.

"ಆವಿಗೆ ಕಿತ್ರೆ ಮಡಕೆ ಎಲ್ಲಿ ಸುಡೋದು ಸ್ವಾಮಿ, ಅಂಗೈ ಮ್ಯಾಲಾ? ಹದಿನಾರು ಮನೆ ಒಲೆ ಉರಿಯೋದು ಅದರಿಂದ್ಲೇ. ಅವರು ಮ್ಯಾಲೆ ತೂಗಾಡೋಕೆ ನಾವು ಕೆಳಗೆ ಸಾಯಬೇಕಾ?"

ಸೆರಗಿನಿಂದ ಕಣ್ಣೊರೆಸಿಕೊಂಡ ಅವಳ ಪಕ್ಕದಲ್ಲೇ ಓಬಳಯ್ಯ ಕೂತ. "ಅಳಬೇಡ ಸಣ್ಣಕ್ಕ. ನನಗೊಂದು ಸಾರಿನ ಗಡಿಗೆ ಕೊಡು. ಬಾಯಿ ಅಗಲವಾಗಿರಲಿ, ಚೆನ್ನಾಗಿ ತುಳುಕಬೇಕು."

ಮರುದಿನ ಅವನು ದೊರೆಗೆ ಕೈಮುಗಿದ. "ಪ್ರಭು, ಸರದಾರರ ಯೋಜನೆ ಕೇಳಿ ರಾತ್ರಿಯಿಡೀ ನಿದ್ದೆಯಿಲ್ಲ. ಆ ಸಂತೋಷಕ್ಕೆ ನಾಳೆ ನಮ್ಮನೇಲಿ ಒಬ್ಬಟ್ಟಿನೂಟ. ಇಡೀ ದರ್ಬಾರು ಬರಬೇಕು."

ಚಪ್ಪರದಡಿ ಒಂದೇ ಸಾಲಿನಲ್ಲಿ ನೂರು ಎಲೆ ಬಿದ್ದವು. ದುರ್ಗದ ಪದ್ಧತಿ ಗಟ್ಟಿ: ಕೊನೆಯ ಎಲೆಗೂ ಬಡಿಸುವವರೆಗೆ ಯಾರೂ ತುತ್ತು ಎತ್ತುವಂತಿಲ್ಲ, ಕೂತ ಮೇಲೆ ನಡುವೆ ಏಳುವಂತಿಲ್ಲ. ದೊರೆಯೂ ಅಷ್ಟೇ.

ಎಲ್ಲರೂ ಕೂತರು. ಬಡಿಸುವವರು ಮಾತ್ರ ಕಾಣಲಿಲ್ಲ. ತಲೆಯ ಮೇಲೆ ಈ ತುದಿಯಿಂದ ಆ ತುದಿಗೆ ಹಗ್ಗ. ಕಿರ್ರ್ ಎಂದು ರಾಟೆ ತಿರುಗಿತು. ಅಡುಗೆಮನೆಯ ಕಡೆಯಿಂದ ಪುಟ್ಟ ಬುಟ್ಟಿಯೊಂದು ತೂಗಾಡುತ್ತ ಬಂತು.

ಅದರಲ್ಲಿ ಇಬ್ಬರಿಗಾಗುವಷ್ಟು ಉಪ್ಪು.

ಕೂತವರೇ ಕೈ ಎತ್ತಿ ತೆಗೆದುಕೊಂಡ ಮೇಲೆ ಬುಟ್ಟಿ ವಾಪಸು ಹೋಯಿತು. ಇನ್ನಿಬ್ಬರಿಗೆ ಉಪ್ಪು ತಂದಿತು. ಮತ್ತೆ ಹೋಯಿತು. ಕೊನೆಯ ಎಲೆಗೆ ಉಪ್ಪು ಬೀಳುವಷ್ಟರಲ್ಲಿ ಸೂರ್ಯ ನೆತ್ತಿಯಿಂದ ಜಾರಿದ್ದ. ಒಳಗಿನಿಂದ ಒಬ್ಬಟ್ಟಿನ ತುಪ್ಪದ ವಾಸನೆ ಬರುತ್ತಿತ್ತು. ದೊರೆಯ ಹೊಟ್ಟೆ ತಾಳ ಹಾಕುತ್ತಿದ್ದುದು ಮೂರೆಲೆ ಆಚೆಗೂ ಕೇಳಿಸಿತು.

"ಇನ್ನೇನು ಉಪ್ಪಿನಕಾಯಿ ಹೊರಡುತ್ತೆ ಪ್ರಭು" ಎಂದ ಓಬಳಯ್ಯ. "ಅದಕ್ಕಿಂತ ಮೊದಲು ಸಾರು ಬರುತ್ತಾ ನೋಡೋಣ."

ಸಣ್ಣಕ್ಕನ ಗಡಿಗೆ ಹಗ್ಗಕ್ಕೆ ನೇತುಬಿದ್ದು ಹೊರಟಿತು. ಸಾಲಿನ ನಟ್ಟನಡುವೆ ಕೂತಿದ್ದವನು ಕೆಂಚರಾಯ. ಗಡಿಗೆ ಅಲ್ಲಿಗೆ ಬಂದು ಒಮ್ಮೆ ವಾಲಿತು. ಸರದಾರನ ಜರಿಪೇಟದಿಂದ ಮೀಸೆಯವರೆಗೆ ಬೇಳೆ ಸಾರು ಇಳಿಯಿತು.

"ಅಯ್ಯೋ! ಕೆಳಗೆ ಮನುಷ್ಯರು ಕೂತಿರೋದು ಕಾಣಲ್ವೇನೋ?" ಎಂದು ಕೆಂಚರಾಯ ಅರಚಿದ.

"ಕುಂಬಾರಗೇರೀಲೂ ಮನುಷ್ಯರೇ ಇರೋದು ಸ್ವಾಮಿ. ನಿಮಗೆ ಕಂಡಿತ್ತೇ?"

ದೊರೆಯ ತಾಳ್ಮೆ ಹರಿಯಿತು. "ಓಬಳಯ್ಯ! ಅಡುಗೆಮನೆ ಅಗೋ ಅಲ್ಲೇ ಕಾಣ್ತಿದೆ. ನಾಲ್ಕು ಜನ ನಡೆದು ಬಡಿಸಿದ್ದರೆ ಇಷ್ಟು ಹೊತ್ತಿಗೆ ತಾಂಬೂಲ ಹಾಕ್ಕೋತಿದ್ವಿ!"

"ನಡೆದೇ? ಛೇ, ಅದೆಲ್ಲ ಹಳೇ ಕಾಲದ್ದು ಪ್ರಭು. ಗಾಡಿಪೇಟೇಲಿ ನಿಂತರೆ ಅಖಾಡವೂ ಹೀಗೇ ಕಾಣುತ್ತೆ. ನೂರು ಎಲೆಗೆ ಉಪ್ಪು ಬಡಿಸೋಕೆ ಅರ್ಧ ದಿನ ಹೋಯ್ತು. ಕುಸ್ತಿಗೆ ಬರೋರು ಹತ್ತು ಸಾವಿರ. ಕೊನೆ ಎಂಟು ಜನ ತೊಟ್ಟಿಲಿಂದ ಇಳಿಯೋ ಹೊತ್ತಿಗೆ ಗೆದ್ದ ಪೈಲ್ವಾನ ಮೊಮ್ಮಕ್ಕಳನ್ನ ಆಡಿಸ್ತಿರ್ತಾನೆ."

ದೊರೆ ಕೆಂಚರಾಯನ ಮೀಸೆಯಿಂದ ಜೋಲುತ್ತಿದ್ದ ಕರಿಬೇವಿನ ಎಲೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಆವಿಗೆ ಇದ್ದಲ್ಲೇ ಇರಲಿ. ಹಗ್ಗವೂ ಬೇಡ, ಕಂಬವೂ ಬೇಡ. ಮೊದಲು ಒಬ್ಬಟ್ಟು ತನ್ನಿ, ಕಾಲ ಮೇಲೆ ನಡೆದು ತನ್ನಿ!"

ಹತ್ತು ಜನ ಬುಟ್ಟಿ ಹಿಡಿದು ಹೊರಬಂದರು. ಒಬ್ಬಟ್ಟು, ತುಪ್ಪ, ಅನ್ನ ಎಲ್ಲ ದಡದಡ ಬಿತ್ತು. ಕೆಂಚರಾಯನೂ ಮುಖ ಒರೆಸಿಕೊಂಡು ಎಲೆಗೆ ಕೈ ಚಾಚಿದ. ಎಲೆ ಬೋಳು. ಅವನೊಬ್ಬನಿಗೆ ಮಾತ್ರ ಉಪ್ಪು ಬಿಟ್ಟರೆ ಏನೂ ಬಿದ್ದಿರಲಿಲ್ಲ.

"ನನ್ನದೆಲ್ಲಿ?"

"ನಿಮ್ಮದು ತೊಟ್ಟಿಲಲ್ಲಿ ಬರ್ತಾ ಇದೆ" ಎಂದ ಓಬಳಯ್ಯ. "ತಡ ಅನ್ನಿಸಿದರೆ ಕಣ್ಣು ಮುಚ್ಚಿಕೊಂಡು ಕೂತಿರಿ ಸರದಾರರೇ. ಬಂದಾಗ ನಾವೇ ಹೇಳ್ತೀವಿ, ಆಗ ತೆರೆಯುವಿರಂತೆ."