ಗಂಜಿ ಕುಡಿದ ತಪ್ಪಿಗೆ ಉಪವಾಸದ ಶಿಕ್ಷೆ

"ನನ್ನ ಹಾಗೆ ಏಕಾದಶಿ ಮಾಡುವವನು ಈ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ!" ಎಂದು ಹಿರಿಕೋಟೆಯ ದೊರೆ ಗುಂಡನಾಯಕ ಮೀಸೆ ತಿರುವಿದ. ಅಷ್ಟಕ್ಕೇ ಸುಮ್ಮನಾದನೇ? ಏಕಾದಶಿಯ ದಿನ ಯಾರ ಮನೆಯಲ್ಲೂ ಒಂದಗುಳು ಅನ್ನ ಬೇಯಕೂಡದು, ಬೇಯಿಸಿದವರಿಗೆ ಗಡಿಪಾರು ಎಂದು ಡಂಗುರ ಹೊಡೆಸಿಯೇಬಿಟ್ಟ.

ಮೊದಲು ಸಿಕ್ಕಿಬಿದ್ದವಳು, ಪಾಪ, ಬುಟ್ಟಿ ಹೆಣೆಯುವ ಮುದುಕಿ ಸಣ್ಣೀರಮ್ಮ. ಕಾವಲಿನವರು ಗಂಜಿಯ ಗಡಿಗೆಯ ಸಮೇತ ಅವಳನ್ನು ಆಸ್ಥಾನಕ್ಕೆ ಎಳೆದು ತಂದರು.

"ಜ್ವರದಿಂದ ಎದ್ದಿದ್ದೆ, ಬುದ್ಧೀ. ಕಣ್ಣು ಕತ್ತಲೆ ಬಂತು, ಎರಡು ಗುಟುಕು ಕುಡಿದೆ. ಈ ವಯಸ್ಸಿನಲ್ಲಿ ಊರು ಬಿಟ್ಟು ಎಲ್ಲಿಗೆ ಹೋಗಲಿ?" ಎಂದು ಅತ್ತಳು.

ಆಸ್ಥಾನದ ಜಾಣ ತಿಪ್ಪರಸನಿಗೆ ಕರುಳು ಚುರ್ರೆಂದಿತು. ಬೆಳಿಗ್ಗೆ ಅರಮನೆಯ ಅಡುಗೆಮನೆ ಹಾದು ಬಂದವನ ಮೂಗಿನಲ್ಲಿ ತುಪ್ಪದ ಘಮ ಇನ್ನೂ ಇತ್ತು. ದೊರೆಯ ಉಪವಾಸವೆಂದರೆ ಸಾಮಾನ್ಯವೇ? ಅನ್ನವೊಂದು ಬಿಟ್ಟು ಒಗ್ಗರಣೆ ಅವಲಕ್ಕಿ, ದ್ರಾಕ್ಷಿ ಹಾಕಿದ ಸಜ್ಜಿಗೆ, ಬಾಳೆಹಣ್ಣಿನ ರಸಾಯನ, ಮೇಲೊಂದು ಚೊಂಬು ಕೆನೆಹಾಲು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಸುಮ್ಮನೆ ಹೇಳುತ್ತಾರೆಯೇ?

"ಪ್ರಭು, ಗಡಿಪಾರು ತೀರಾ ಸಣ್ಣ ಶಿಕ್ಷೆಯಾಯಿತು" ಎಂದ ತಿಪ್ಪರಸ.

"ಅಯ್ಯೋ ಸ್ವಾಮೀ, ನಿಮಗೇನು ಮಾಡಿದ್ದೆ ನಾನು?" ಮುದುಕಿ ಗೋಳಾಡಿದಳು.

"ಮತ್ತೇನು ಕೊಡೋಣ?" ಎಂದ ದೊರೆ.

"ಉಪವಾಸ ಮುರಿದವಳು ಉಪವಾಸವನ್ನೇ ಮಾಡಲಿ. ಅದೂ ತಮ್ಮಂಥ ಕಠಿಣ ಉಪವಾಸ! ಬದುಕಿರುವ ತನಕ ಪ್ರತಿ ಏಕಾದಶಿಗೂ ಅರಮನೆಯ ಅಡುಗೆಯವರೇ ಮುಂದೆ ನಿಂತು, ತಾವು ಮಾಡಿದಂತೆಯೇ ಮಾಡಿಸಲಿ. ಎಳ್ಳಷ್ಟೂ ಕಡಿಮೆಯಾಗಕೂಡದು."

"ಭೇಷ್! ಹಾಗೇ ಆಗಲಿ!" ದೊರೆ ಉಬ್ಬಿಹೋದ.

ಮುಂದಿನ ಏಕಾದಶಿಗೆ ಅಡುಗೆಯವರು ಅವಲಕ್ಕಿ, ಸಜ್ಜಿಗೆ, ರಸಾಯನ ಎಲ್ಲವನ್ನೂ ಹೊತ್ತು ಮುದುಕಿಯ ಗುಡಿಸಲಿಗೆ ನಡೆದರು. ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟು ನೋಡಿತು.

ಅದರ ಮುಂದಿನ ಏಕಾದಶಿಗೆ ಅರಮನೆಯ ಬಾಗಿಲಲ್ಲಿ ಗದ್ದಲವೋ ಗದ್ದಲ. ದೊರೆ ಬಂದು ನೋಡುತ್ತಾನೆ, ಊರಿಗೆ ಊರೇ ಗಂಜಿಯ ಗಡಿಗೆ ಹಿಡಿದು ನಿಂತಿದೆ.

"ನಾನೂ ಗಂಜಿ ಕುಡಿದೆ, ಬುದ್ಧೀ! ಅಜ್ಜಿಗೆ ಕೊಟ್ಟ ಶಿಕ್ಷೆಯನ್ನೇ ನನಗೂ ಕೊಡಿ!"

"ನನ್ನ ಹೆಂಡತಿ ನನಗಿಂತ ಜಾಸ್ತಿ ಕುಡಿದಿದ್ದಾಳೆ, ಅವಳನ್ನು ಬಿಡಬೇಡಿ!"

ದೊರೆ ಹುಬ್ಬು ಗಂಟಿಕ್ಕಿ ತಿಪ್ಪರಸನತ್ತ ತಿರುಗಿದ. "ಏನಯ್ಯಾ ಇದು? ಈಗೇನು ಮಾಡೋದು?"

ತಿಪ್ಪರಸ ಕೈಮುಗಿದ. "ಇಷ್ಟು ಜನ ತಮ್ಮ ಹಾಗೆ ಉಪವಾಸ ಮಾಡಿದರೆ ನಾಳೆಗೆ ಉಗ್ರಾಣ ಬರಿದು, ಮಹಾಪ್ರಭು. ಬಡವರು, ಊಟ ಮಾಡಿಕೊಂಡೇ ಇದ್ದುಬಿಡಲಿ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕಟ್ಟಳೆ ಅಲ್ಲೇ ರದ್ದಾಯಿತು. ಸಣ್ಣೀರಮ್ಮನ ಶಿಕ್ಷೆಯನ್ನು ಮಾತ್ರ ಅವನು ಮಾಫಿ ಮಾಡಲಿಲ್ಲ.