ಪ್ರಿಆಂಪ್‌ನ ಅನುಮಾನ

ಬೇಸ್ ಗಿಟಾರಿನ ಹೊಟ್ಟೆಯಲ್ಲಿ ಒಂದು ಪ್ರಿಆಂಪ್ ಇತ್ತು. ತಂತಿ ನುಡಿದದ್ದನ್ನು ಅದರ ಕೆಳಗಿನ ಪಿಕಪ್ ಕೇಳಿಸಿಕೊಂಡು ತಂದು ಹೇಳುತ್ತಿತ್ತು, ಪ್ರಿಆಂಪ್ ಅದನ್ನು ದೊಡ್ಡದು ಮಾಡುತ್ತಿತ್ತು. ಆ ಪಿಕಪ್ ಕೆಟ್ಟಾಗ ರಿಪೇರಿಯ ಡೆನ್ಜಿಲ್ ಎರಡು ಹೊಸ ಪಿಕಪ್ ತಂದು, ಒಂದಾದ ಮೇಲೊಂದು ಜೋಡಿಸಿ ತಂತಿ ಮೀಟಿದ.

ಮೊದಲನೆಯದು ಮೆಲ್ಲಗೆ ಹೇಳಿತು.

"ತಂತಿ ಹೇಳಿದ್ದು ಇಷ್ಟೇನಾ? ನೀನು ಏನನ್ನೋ ಮುಚ್ಚಿಡುತ್ತಿದ್ದೀಯ," ಎಂದಿತು ಪ್ರಿಆಂಪ್.

ಎರಡನೆಯದು ಅಬ್ಬರಿಸಿತು. "ಇದನ್ನು ನಂಬಬಹುದು," ಎಂದು ಪ್ರಿಆಂಪ್ ಅದನ್ನೇ ಇಟ್ಟುಕೊಂಡಿತು.

ನುಡಿಸಿದಾಗ ಆ ಅಬ್ಬರವನ್ನೂ ದೊಡ್ಡದು ಮಾಡಿತು, ಸ್ವರ ಒಡೆದು ಬಂತು. ಪ್ರಿಆಂಪ್ ತನ್ನನ್ನು ನಡೆಸುವ ಬ್ಯಾಟರಿಯ ಮೇಲೆ ಅನುಮಾನಪಟ್ಟಿತು. ಡೆನ್ಜಿಲ್ ಹೊಸದು ಹಾಕಿದ. ತಂತಿಗಳ ಮೇಲೆ ಅನುಮಾನಪಟ್ಟಿತು, ಅವನ್ನೂ ಬದಲಾಯಿಸಿದ. ಒಡಕು ಹೋಗಲಿಲ್ಲ. ಕೊನೆಗೆ ಅವನು ಪ್ರಿಆಂಪನ್ನೇ ಕಳಚಿ, ಅಬ್ಬರದ ಪಿಕಪ್ಪನ್ನು ನೇರವಾಗಿ ಹೊರಗೆ ಹೋಗುವ ವೈರ್‌ಗೆ ಬೆಸೆದ. ಸ್ವರ ಸ್ವಚ್ಛವಾಗಿ ಬಂತು.

ಪ್ರಿಆಂಪ್ ಡ್ರಾಯರಿಗೆ ಬಿತ್ತು. ಮೆಲುದನಿಯ ಪಿಕಪ್ ಅಲ್ಲೇ ಇತ್ತು.

"ಈಗಲಾದರೂ ಹೇಳು. ಅವತ್ತು ಏನು ಮುಚ್ಚಿಟ್ಟಿದ್ದೆ?"

"ಏನೂ ಇಲ್ಲ ಸ್ವಾಮಿ. ದೊಡ್ಡದು ಮಾಡುವ ಕೆಲಸ ನಿಮ್ಮದು ಅಂದುಕೊಂಡಿದ್ದೆ."